ಹಳೇ ಅರಿವಿ

ಇವತ್ತು ಬೆಳಿಗ್ಗೆ ಎಂದಿನಂತೆ ಹಾಲು ಉಕ್ಕಿತು. ಒಲೆ ಒರೆಸಲು ಎಂದಿನಂತೆ ಕೈಗೆ ಸಿಕ್ಕಿದ್ದು ನಮ್ಮನೆಯವರ ಹಳೆಯ ಬನಿಯನ್ನು. ಅಡುಗೆಮನೆಯಲ್ಲಿ ಅವರಿಗಿಂತ ಹೆಚ್ಚು ದುಡಿದಿರುವುದು ಅವರ ಬನಿಯನ್ನುಗಳೇ. ರಾಯಚೂರಿನ ನಮ್ಮ ಮನೆಯಲ್ಲಿ ಬಟ್ಟೆಗೆ ನಿವೃತ್ತಿ ಎಂಬುದಿಲ್ಲ. ಅಂಗಿ ದಿಂಬಿನ ಚೀಲವಾಗುತ್ತದೆ, ಚೀಲ ಒರಸುಬಟ್ಟೆಯಾಗುತ್ತದೆ.

ಮೊನ್ನೆ ನಮ್ಮನೆಯವರು ಹೊಸ ಅಂಗಿ ತಂದರು. ಹಳೆಯ ಬಟ್ಟೆಗಳನ್ನು ಪಿಂಜಿ ತೆಗೆದ ನೂಲಿನಿಂದ ನೇಯ್ದದ್ದೆಂದು ಅದರ ಚೀಟಿಯಲ್ಲಿ ಇಂಗ್ಲಿಷಿನಲ್ಲಿತ್ತು. ಕಾನ್ವೆಂಟಿನಲ್ಲಿ ಓದಿದ ಹೆಮ್ಮೆಯಿಂದ ಪಕ್ಕದ ಮನೆಯ ಬಸಮ್ಮನವರಿಗೆ ಅದನ್ನು ಓದಿ ಹೇಳಿದೆ. ಅವರು ದೇವದುರ್ಗದ ಕಡೆ ಮಸರಕಲ್ಲಿನವರು. ಹಳೆಯ ಸೀರೆಗಳನ್ನು ಪದರ ಪದರವಾಗಿ ಕೂಡಿಸಿ ಕೌದಿ ಹೊಲಿಯುವುದರಲ್ಲಿ ಎತ್ತಿದ ಕೈ. ಅಂಗಿಯನ್ನು ಬೆರಳಲ್ಲಿ ತಿಕ್ಕಿ ನೋಡಿ, "ಯಾರ ಅರಿವಿ ಅಂತ್ರೀ ಇದರಾಗ ಹಾಕಿದ್ದು?" ಎಂದರು.

ಚೀಟಿ ಅದನ್ನು ಹೇಳಿರಲಿಲ್ಲ.

ನಮ್ಮ ಕಡೆ ಬಟ್ಟೆಗೆ ಅರಿವಿ ಎನ್ನುತ್ತೇವೆ. ಐದನೆಯ ತರಗತಿಯಲ್ಲಿ 'ಅರಿವು' ಎಂಬುದರ ಅರ್ಥ ಕೇಳಿದಾಗ ನಾನು ಧೈರ್ಯವಾಗಿ 'ಒಗೆದು ಹಗ್ಗದ ಮೇಲೆ ಒಣಹಾಕುವಂಥದ್ದು' ಎಂದು ಬರೆದಿದ್ದೆ. ತಿಳಿವಳಿಕೆಯನ್ನು ಬಿಸಿಲಿಗೆ ಹಾಕಿದ್ದಕ್ಕೆ ಸಿಸ್ಟರ್ ಸೊನ್ನೆ ಕೊಟ್ಟರು. ಮಾನ್ವಿಯ ಮನೆಗೆ ಬಂದು ಅತ್ತಾಗ ಅವ್ವ ನಕ್ಕು, ಸೆರಗಿನಿಂದ ನನ್ನ ಕಣ್ಣು ಒರೆಸಿದ್ದಳು.

ಅವ್ವ ಈಗಿಲ್ಲ. ಆ ಸೀರೆ ನನ್ನ ಟ್ರಂಕಿನಲ್ಲಿದೆ, ಮಡಿಕೆ ಮಡಿಕೆಯಲ್ಲೂ ಪಿಸಿದು ಹರಿಯುತ್ತಿದೆ.

ಅಂಗಿ ಕೊಂಡ ಅಂಗಡಿಯಲ್ಲಿ ಹಳೆಯ ಬಟ್ಟೆ ಹಾಕಲು ಒಂದು ಪೆಟ್ಟಿಗೆ ಇಟ್ಟಿದ್ದಾರೆ. ಅಲ್ಲಿಂದ ಅವು ಮತ್ತೆ ನೂಲಾಗಲು ಹೋಗುತ್ತವಂತೆ. ಒಳ್ಳೆಯ ಕೆಲಸವೇ. ಮಧ್ಯಾಹ್ನ ಸವೆದ ಪ್ಯಾಂಟು, ಪರದೆಗಳನ್ನೆಲ್ಲ ಗಂಟು ಕಟ್ಟಲು ಕುಳಿತೆ. ಸೀರೆ ಟ್ರಂಕಿನಲ್ಲೇ ಇದ್ದರೆ ಪುಡಿಯಾಗುತ್ತದೆ. ಪೆಟ್ಟಿಗೆಗೆ ಹಾಕಿದರೆ, ನಾಳೆ ಯಾರದೋ ಅಂಗಿಯಾಗಿ ಎದುರಿಗೆ ಬಂದರೂ ನನಗೆ ಗುರುತು ಹತ್ತುವುದಿಲ್ಲ. ಗಂಟಿಗೆ ಮೂರು ಸಲ ಹಾಕಿ ನಾಲ್ಕು ಸಲ ತೆಗೆದೆ. ಗಣಿತವೂ ನನಗೆ ಅಷ್ಟಕ್ಕಷ್ಟೇ.

ಸಂಜೆ ಗಂಟು ನಮ್ಮನೆಯವರ ಸ್ಕೂಟರಿನಲ್ಲಿ ಅಂಗಡಿಗೆ ಹೋಯಿತು. ನಾನು ಸೀರೆ ಹಿಡಿದು ಬಸಮ್ಮನವರ ಕಟ್ಟೆಗೆ ಹೋದೆ.

"ನಮ್ಮವ್ವಂದ್ರೀ. ಕೌದಿಗೆ ಬರತದೇನು? ಭಾಳ ಹಳೇದಾಗ್ಯದ."

ಬಸಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿದರು. ಅಂಚನ್ನು ಹಲ್ಲಿನಲ್ಲಿ ಕಚ್ಚಿ ಚರ್ರನೆ ಸೀಳಿದರು. ನಾನು ತಡೆಯಲು ಕೈ ಚಾಚಿದೆ. ಅವರು ಮಾತ್ರ ಸೆರಗಿನ ಭಾಗವನ್ನು ಬೇರೆ ತೆಗೆದಿಟ್ಟು, ಸೂಜಿಗೆ ದಾರ ಪೋಣಿಸುತ್ತ, ನನ್ನತ್ತ ನೋಡದೆಯೇ ಅಂದರು:

"ಇದನ್ನ ತಲಿ ಕಡಿ ಹಚ್ಚತೀನಿ. ಕೌದಿಗೆ ಹಳೇದ ಬೇಕ್ರೀ. ಹೊಸಾ ಅರಿವಿಗೆ ಏನು ಗೊತ್ತಿರತದ?"