ಬೇಗ ಖಾಲಿಯಾಗುವ ಸೆಲ್ಲು

ನಾರ್ವೆ ಎಂಬ ಹಳ್ಳಿಯ ಗಿಡ್ಡಯ್ಯನಿಗೆ ಬೇಕಾಗಿದ್ದದ್ದು ಬೇಗ ಖಾಲಿಯಾಗುವ ಸೆಲ್ಲು. ನಗಬೇಡಿ, ನಿಜ.

ತೋಟದ ಮೋಟಾರು ನೋಡಿಕೊಳ್ಳುವುದು ಅವನ ಕೆಲಸ. ಅದಕ್ಕೆ ಬೇಕಾದ ತ್ರೀಫೇಸ್ ಕರೆಂಟು ಬರುವುದೇ ಕತ್ತಲಾದ ಮೇಲೆ, ಹಾಗಾಗಿ ಜೇಬಿನಲ್ಲಿ ಬೆರಳುದ್ದದ ಟಾರ್ಚು ಇರಲೇಬೇಕು. ಮೊದಲೆಲ್ಲ ಕಳೆ ತೆಗೆಯಲು ಆಳುಗಳು ಗುಂಪಾಗಿ ಬರುತ್ತಿದ್ದರು, ಮಾತಿಗೆ ಬರವಿರಲಿಲ್ಲ. ಈಗ ಕಳೆ ಹೊಡೆಯುವ ಮಷಿನ್ ಬಂದಿದೆ. ಅದರ ಹತ್ತಿರ ಎಂತ ಮಾತಾಡುವುದು? ಮದುವೆಯಂತೂ ಆಗಲಿಲ್ಲ. ವಾರವಿಡೀ ಅವನು ಬಾಯಿ ತೆರೆಯುತ್ತಿದ್ದದ್ದು ಊಟಕ್ಕೆ ಮಾತ್ರ.

ಮಾತಿಗೆ ಉಳಿದದ್ದು ಬಾಳಗಡಿ ಪೇಟೆಯಲ್ಲಿ ಪ್ರದೀಪನ ಎಲೆಕ್ಟ್ರಿಕ್ ಅಂಗಡಿ. ಸೆಲ್ಲು ಮುಗಿಯಿತೆಂಬ ನೆಪದಲ್ಲಿ ಪ್ರತಿ ಭಾನುವಾರ ಬಸ್ಸು ಹತ್ತುತ್ತಿದ್ದ. ಪ್ರದೀಪ ಹೊಸ ಸೆಲ್ಲು ಹಾಕಿ, ಅಂಗೈಗೆ ಬೆಳಕು ಬಿಟ್ಟು ನೋಡುತ್ತಾ ಊರ ಸುದ್ದಿ ಕೇಳುತ್ತಿದ್ದ. ಎರಡು ಮಾತಿನ ಸುದ್ದಿಯನ್ನು ಗಿಡ್ಡಯ್ಯ ಎಳೆದೆಳೆದು ಹೇಳುತ್ತಿದ್ದ. ಅಷ್ಟೇ ಅವನ ಭಾನುವಾರ. ಅಷ್ಟು ಸಾಕಿತ್ತು.

ಒಂದು ವಾರ ಪ್ರದೀಪ ಹಣೆ ಚಚ್ಚಿಕೊಂಡ. "ನಾನೂ ಎಂಥ ದಡ್ಡ ನೋಡಿ ಗಿಡ್ಡಣ್ಣ. ಇಷ್ಟು ದಿನ ನಿಮ್ಗೆ ಗಡಿಯಾರದ ಸೆಲ್ ಕೊಡ್ತಿದ್ದೆ. ಗಡಿಯಾರ ಗುಟುಕು ಗುಟುಕಾಗಿ ಕುಡಿಯುತ್ತೆ, ಟಾರ್ಚು ಗಟಗಟ ಕುಡಿಯುತ್ತೆ. ಇದಕ್ಕೆ ಅಲ್ಕಲೈನ್ ಸೆಲ್ಲೇ ಆಗ್ಬೇಕು."

"ಅದೇ ಸಾಕಿತ್ತು ಮಾರಾಯ."

"ಸುಮ್ನಿರಿ. ಇದು ಹಾಕಿದ್ರೆ ತಿಂಗಳುಗಟ್ಟಲೆ ನೀವು ಈ ಕಡೆ ತಲೆ ಹಾಕೋದೇ ಬೇಡ."

ಗಿಡ್ಡಯ್ಯ ಗಡಿಯಾರದ ಸೆಲ್ಲುಗಳ ಕಡೆಗೇ ನೋಡಿದ. ಬೇಡವೆಂದರೆ ಯಾಕೆಂದು ಹೇಳಬೇಕಲ್ಲ. ತೆಗೆದುಕೊಂಡ. ಪ್ರದೀಪನನ್ನು ಬೈಯುವುದಾದರೂ ಹೇಗೆ? ಪಾಪ, ಒಳ್ಳೆಯದನ್ನೇ ಮಾಡಿದ್ದ.

ಮಾರನೆಯ ದಿನದಿಂದ ಗಿಡ್ಡಯ್ಯ ಹಾಡಹಗಲೇ ಒಂದಿಷ್ಟು ಹೊತ್ತು ಟಾರ್ಚು ಹೊತ್ತಿಸಿ ಪಂಪ್‌ಶೆಡ್ಡಿನ ಕಿಟಕಿಯಲ್ಲಿಡತೊಡಗಿದ. ಹೋಗಿ ಹೋಗಿ ನೋಡಿದ. ಹಾಳಾದ್ದು, ಮಂಕಾಗುವ ಲಕ್ಷಣವೇ ಇಲ್ಲ. ಭಾನುವಾರ ಬಂತು, ಟಾರ್ಚು ಇನ್ನೂ ಉರಿಯುತ್ತಲೇ ಇತ್ತು. ಮನಸ್ಸು ಕೇಳಲಿಲ್ಲ, ಬಸ್ಸು ಹತ್ತಿದ.

ಅಂಗಡಿಯಲ್ಲಿ ಜನರಿದ್ದರು. "ಸೆಲ್ ಹೋಯ್ತಾ ಗಿಡ್ಡಣ್ಣ?" ಎಂದ ಪ್ರದೀಪ.

"ಇಲ್ಲ. ಚೆನ್ನಾಗೇ ಉರೀತದೆ."

"ನಾ ಹೇಳ್ಲಿಲ್ವ? ಮತ್ತೆ ಎಂತ ಬೇಕಿತ್ತು?"

ಗಿಡ್ಡಯ್ಯ ಕಪಾಟಿನಲ್ಲಿದ್ದದ್ದನ್ನೆಲ್ಲ ನೋಡಿದ. ವೈರು, ಹೋಲ್ಡರು, ಫ್ಯಾನು. ಅವನಿಗೆ ಬೇಕಾದದ್ದು ಯಾವುದೂ ಅಲ್ಲಿರಲಿಲ್ಲ.

"ಎಂತದೂ ಬೇಡ. ಸುಮ್ನೆ ಬಂದೆ."

"ಹೌದಾ, ಸರಿ ಸರಿ" ಎನ್ನುತ್ತಾ ಪ್ರದೀಪ ಆಚೆಯವರ ಬಲ್ಬು ಕೈಗೆತ್ತಿಕೊಂಡ. ಹಿಂದೆ ನಿಂತಿದ್ದವರು, "ಸ್ವಲ್ಪ ಸರೀರಿ" ಎಂದರು. ಗಿಡ್ಡಯ್ಯ ಸರಿದ. ಇನ್ನೊಬ್ಬರು ಬಂದರು, ಅವರಿಗೂ ಸರಿದ. ಹಾಗೆ ಸರಿಯುತ್ತಾ ಸರಿಯುತ್ತಾ ರಸ್ತೆಗೇ ಬಂದುಬಿಟ್ಟಿದ್ದ.