ತೊಟ್ಟಿಲಿನ ನಾಲ್ಕನೆಯ ಬೋಲ್ಟು

ನನ್ನ ಗಂಡ ದನದ ಡಾಕ್ಟರು. ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಫಟಫಟಿ, ಅಂದರೆ ಮೋಟಾರ್ ಸೈಕಲ್ಲು, ಇದ್ದದ್ದು ಅವರೊಬ್ಬರ ಹತ್ತಿರ. ಸುಳ್ಳದಲ್ಲಿ ಎಮ್ಮೆ ಈಯಲಾರದೆ ಒದ್ದಾಡಿದರೂ, ಗಬ್ಬೂರಿನಲ್ಲಿ ಎತ್ತು ಮೇವು ಬಿಟ್ಟರೂ ಅದನ್ನೇ ಹತ್ತಿ ಹೋಗುತ್ತಿದ್ದರು. ಔಷಧದ ಪೆಟ್ಟಿಗೆ ಇಡಲಿಕ್ಕೆಂದು ಅದರ ಎಡಬದಿಗೆ ಒಂದು ಸೈಡ್‌ಕಾರು ಜೋಡಿಸಿದ್ದರು. ಒಬ್ಬರು ಕಾಲು ಚಾಚಿ ಕೂಡುವಷ್ಟು ಜಾಗವಿದ್ದ ತಗಡಿನ ಗಾಡಿ. ಓಣಿಯವರು ಅದಕ್ಕೆ ತೊಟ್ಟಿಲು ಎಂದು ಹೆಸರಿಟ್ಟರು. ತಿಂಗಳಿಗೊಂದು ರವಿವಾರ ಅವರು ಪೆಟ್ಟಿಗೆ ಇಳಿಸಿ, ನನ್ನನ್ನು ಅದರಲ್ಲಿ ಕೂಡಿಸಿಕೊಂಡು ಧಾರವಾಡಕ್ಕೆ, ನನ್ನ ತವರಿಗೆ ಕರೆದೊಯ್ಯುತ್ತಿದ್ದರು. ಹೆಂಡತಿಯನ್ನು ತೊಟ್ಟಿಲಲ್ಲಿಟ್ಟು ತೂಗುತ್ತಾನೆ ಎಂದು ಜನ ನಕ್ಕರು. ನಗಲಿ ಬಿಡಿ. ನಮ್ಮ ಮನೆಯಲ್ಲಿ ಬೇರೆ ತೊಟ್ಟಿಲು ಕಟ್ಟುವ ಯೋಗ ಬರಲಿಲ್ಲ, ಇದ್ದದ್ದು ಅದೊಂದೇ.

ಇಂಜಿನ್ನಿನ ಸಪ್ಪಳದಲ್ಲಿ ಮಾತು ಕೇಳುತ್ತಿರಲಿಲ್ಲ. ಸೆರಗು ಬಿಗಿಯಾಗಿ ಹೊದ್ದು ಕುಳಿತರೆ ನನಗೆ ಕಾಣುತ್ತಿದ್ದದ್ದು ಅವರ ಎಡಗಾಲಿನ ಬೂಟು, ಅದರ ಹತ್ತಿರ ತೊಟ್ಟಿಲನ್ನು ಫಟಫಟಿಗೆ ಬಿಗಿದಿದ್ದ ದಪ್ಪ ಬೋಲ್ಟುಗಳು. ಒಟ್ಟು ನಾಲ್ಕು. ಮೊದಲ ಸಲ ಕೂಡುವಾಗ ನಾನು ಹೆದರಿ ಮತ್ತೆ ಇಳಿದುಬಿಟ್ಟಿದ್ದೆ. ಅವರು ನಾಲ್ಕಕ್ಕೂ ಪಾನಾ ಹಾಕಿ ತಿರುಗಿಸಿ ಬಿಗಿದು ತೋರಿಸಿ, “ಈ ನಾಲ್ಕು ಗಟ್ಟಿ ಇರೂತನಕಾ ನೀ ನನ್ನ ಬಿಟ್ಟು ಎಲ್ಲೂ ಹೋಗೂದಿಲ್ಲ. ಸುಮ್ನ ಕುಂದರು” ಎಂದಿದ್ದರು.

ಎರಡನೆಯ ಮಹಾಯುದ್ಧದ ನಡುವಿನ ಒಂದು ಶ್ರಾವಣದಲ್ಲಿ ಅವರಿಗೆ ಜ್ವರ ಬಂತು. ಐದನೆಯ ದಿನ ಅವರಿರಲಿಲ್ಲ. ನಾನು ಅಳಲಿಲ್ಲ. ಗಟ್ಟಿಗಿತ್ತಿ ಎಂದರು ಕೆಲವರು, ಕಲ್ಲು ಎಂದರು ಕೆಲವರು. ಎರಡೂ ಅಲ್ಲ. ಬಹಳ ಹೊತ್ತು ಕಾಲು ಮಡಚಿ ಕುಳಿತರೆ ಜೋಮು ಹಿಡಿಯುತ್ತದಲ್ಲ, ನನಗೆ ಮೈಯೆಲ್ಲಾ ಹಾಗೆ ಆಗಿತ್ತು. ರೊಟ್ಟಿ ಬಡಿದೆ, ನೀರು ಸೇದಿದೆ, ಹಬ್ಬಕ್ಕೆ ಹೋಳಿಗೆಯನ್ನೂ ಮಾಡಿದೆ. ಹೋಳಿಗೆ ಚೆನ್ನಾಗಿಯೇ ಆಗುತ್ತಿದ್ದವು.

ಹೀಗೆ ಮೂರು ವರ್ಷ ಕಳೆದ ಮೇಲೆ ನನ್ನ ಮೈದುನನಿಗೆ ಹತ್ತಿ ವ್ಯಾಪಾರಿಯೊಬ್ಬರಿಗಾಗಿ ಹಳ್ಳಿ ತಿರುಗಿ ಮಾಲು ನೋಡಿ ಬರುವ ಕೆಲಸ ಸಿಕ್ಕಿತು. ಹಿತ್ತಲಿನ ಚಪ್ಪರದಡಿ ನಿಂತಿದ್ದ ಫಟಫಟಿ ಅವನಿಗೆ ಎಂದು ಮಾವ ಹೇಳಿದರು. ನ್ಯಾಯವೇ, ನಾನೇನು ಅದನ್ನು ಓಡಿಸುವವಳೆ? ಆದರೆ ಪೆಟ್ರೋಲು ರೇಶನ್ನಿನಲ್ಲಿ ಸಿಗುವ ಕಾಲ. ತೊಟ್ಟಿಲಿನ ಭಾರ ಬೇಡ, ಬಿಚ್ಚಬೇಕು ಎಂದ ಮೈದುನ. ತೊಟ್ಟಿಲು ನನಗಿರಲಿ ಎಂದೆ.

“ನಿನಗ್ಯಾಕವಾ ಅದು?” ಎಂದು ಮಾವ ಕೇಳಿದರು.

“ಉಳ್ಳಾಗಡ್ಡಿ ಹಾಕಿಡಾಕ ಬರ್ತೈತ್ರಿ.”

ಬಾಯಿಗೆ ಬಂದದ್ದು ಉಳ್ಳಾಗಡ್ಡಿ. ನಾನು ಕುಳಿತ ಜಾಗ ಅದು, ಕೊಡಲಾರೆ ಎಂದು ಮಾವನ ಮುಂದೆ ಹೇಗೆ ಹೇಳುವುದು? ಮಾವ ಅಂಗಡಿಗೆ ಹೊರಡಲು ತಲೆಗೆ ರುಮಾಲು ಸುತ್ತಿಕೊಂಡರು.

“ಬೋಲ್ಟು ಬಿಚ್ಚಿ ಬಂದ್ರ ಇಟ್ಕೋ. ಬರಲಿಲ್ಲಂದ್ರ ಕೊಯ್ಸೂದ. ನಾಳೆ ನಾ ಅಂಗಡಿಯಿಂದ ಊಟಕ್ಕ ಬರೂದ್ರಾಗ ಮುಗೀಬೇಕು” ಎಂದರು.

ಬೋಲ್ಟಿಗೆ ಗರಗಸ ಹಿಡಿಸುವ ಸಂದಿಲ್ಲ, ಕೊಯ್ದರೆ ತೊಟ್ಟಿಲಿನ ಅಡಿಯ ಕಬ್ಬಿಣದ ಚೌಕಟ್ಟನ್ನೇ ಕೊಯ್ಯಬೇಕು. ಉಳಿದ ತಗಡು ಗುಜರಿಗೆ. ಹಳೇ ಕಬ್ಬಿಣದವನು ಆಗ ಓಣಿಯಲ್ಲಿ ದಿನಾ ಕೂಗುತ್ತಿದ್ದ.

ರೈಲ್ವೆ ಕಾರ್ಖಾನೆಯಲ್ಲಿ ದುಡಿದು ಮುದುಕನಾದ ಒಬ್ಬ ಮಿಸ್ತ್ರಿಯನ್ನು ಕರೆಸಿದೆ. ಅವನು ಆ ಸಂಜೆಯೇ ಬಂದು ನಾಲ್ಕೂ ಬೋಲ್ಟಿಗೆ ಚಿಮಣಿ ಎಣ್ಣೆ ಬಿಟ್ಟು, ಮುಂಜಾನೆ ತಾನು ಬರುವವರೆಗೆ ಯಾರೂ ಮುಟ್ಟಬೇಡಿರಿ ಎಂದು ಹೇಳಿ ಹೋದ. ಮೈದುನ ಮುಟ್ಟಿದ. ಬೆಳಕು ಹರಿಯುವುದರೊಳಗೆ ಅಳತೆ ಕೂಡದ ಪಾನಾ ಹಾಕಿ, ಅದರ ಮೇಲೆ ಕಾಲಿಟ್ಟು ಜಿಗಿದು, ಹಿಂಬದಿಯ ಬೋಲ್ಟಿನ ನಟ್ಟನ್ನು ಗೋಲಿ ಮಾಡಿಟ್ಟಿದ್ದ. ಪಾನಾ ಹಿಡಿಯಲು ಅದಕ್ಕೊಂದು ಮೂಲೆಯೂ ಉಳಿದಿರಲಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಅವನನ್ನು ನೋಡಿಯೇ ಹುಟ್ಟಿರಬೇಕು. ಬೈಯಬೇಕಿತ್ತು. ಬೈಯುವಷ್ಟು ಸಿಟ್ಟೂ ಬರಲಿಲ್ಲ.

ಮಿಸ್ತ್ರಿ ಬಂದು ನೋಡಿ, ಉಳಿದ ಮೂರಕ್ಕೆ ಕೈ ಹಚ್ಚಿದ. ಅವನದು ಬಡಿಯುವ ಕೈಯಲ್ಲ, ತಟ್ಟುವ ಕೈ. ಸಣ್ಣ ಹಾತೋಡಿಯಿಂದ ಸುತ್ತಲೂ ತಟ್ಟುವುದು, ಪಾನಾ ಹಾಕಿ ಮೊದಲು ಬಿಗಿಯುವ ಕಡೆಗೇ ಕೂದಲೆಳೆಯಷ್ಟು ಒತ್ತುವುದು, ಆಮೇಲೆ ಬಿಚ್ಚುವ ಕಡೆಗೆ. ಹೀಗೆ ಎರಡು ಬಂದವು. ಮೂರನೆಯದಕ್ಕೆ ಪಾನಾದ ಹಿಡಿಗೆ ಉದ್ದನೆಯ ಕೊಳವೆ ತೊಡಿಸಬೇಕಾಯಿತು. ಅದು ಹೊತ್ತು ಏರುವ ತನಕ ಸತಾಯಿಸಿ ಬಂತು.

ಬಂದ ಬೋಲ್ಟನ್ನು ಉಗುರಿನಿಂದ ಕೆರೆದು ಅವನು ಹುಬ್ಬು ಗಂಟಿಕ್ಕಿದ.

“ಅಕ್ಕಾರ, ಗಾಡಿ ಚಪ್ಪರದ ಕೆಳಗ ಐತಿ. ಮಳಿ ಹನಿ ಬಿದ್ದಿಲ್ಲ. ಬ್ಯಾರೆ ಬೋಲ್ಟೆಲ್ಲಾ ಛಲೋ ಅದಾವ. ಈ ನಾಲ್ಕಕ್ಕ ಯಾಕ ಇಷ್ಟು ಜಂಗ ಹಿಡೀತು?”

ಅವನ ಬೆರಳ ತುದಿಯಲ್ಲಿ ಕೆಂಪು ತುಕ್ಕಿನ ಜೊತೆ ಬೆಳ್ಳಗಿನದೇನೋ ಇತ್ತು. ವಿಭೂತಿ. ನನಗೆ ಆಗ ತಿಳಿಯಿತು.

ನಮ್ಮಲ್ಲಿ ದಸರೆಗೆ ಖಂಡೇಪೂಜೆ ಮಾಡುತ್ತೇವೆ. ಕುಡುಗೋಲು, ತಕ್ಕಡಿ, ಕತ್ತರಿ, ಮನೆಯಲ್ಲಿ ದುಡಿಯುವ ಎಲ್ಲ ಕಬ್ಬಿಣಕ್ಕೂ ವಿಭೂತಿ ಹಚ್ಚಿ ಹೂವಿಟ್ಟು ಕಾಯಿ ಒಡೆಯುತ್ತೇವೆ. ಅವರಿದ್ದಾಗ ನಾನು ಫಟಫಟಿಯ ಮೇಲೆ ಕಾಯಿಯ ನೀರು ಸುರಿಯುತ್ತಿದ್ದೆ. ಅವರು ನನ್ನ ಬೆನ್ನಿಗೇ ಬಂದು ಅರಿವೆಯಿಂದ ಒರೆಸಿ ಎಣ್ಣೆ ಬಿಡುತ್ತಿದ್ದರು. ಪೂಜೆಯ ನೀರು ಒರೆಸುವುದೇ ಎಂದು ನಾನು ಮುನಿಸಿಕೊಳ್ಳುತ್ತಿದ್ದೆ. ಅವರು ಹೋದ ಮೇಲೆ ಮೂರು ದಸರೆಗೂ ಪೂಜೆ ಬಿಡಲಿಲ್ಲ. ನೀರನ್ನು ಬೇರೆಲ್ಲೂ ಚೆಲ್ಲದೆ ಆ ನಾಲ್ಕು ಬೋಲ್ಟಿಗೇ ಹನಿಹನಿಯಾಗಿ ಬಿಟ್ಟೆ. ಗಟ್ಟಿಯಾಗಿರಲಿ ಎಂದು ಬಾಯಿಬಿಟ್ಟು ಕೇಳಿಕೊಂಡೆ. ಹಿಂದಿನಿಂದ ಒರೆಸುವವರು ಮಾತ್ರ ಇರಲಿಲ್ಲ.

ಮಿಸ್ತ್ರಿಗೆ ಹೇಳಿದೆ. ಅವನು ತಲೆಯ ಟೊಪ್ಪಿಗೆ ಸರಿಮಾಡಿಕೊಂಡ.

“ಗಟ್ಟಿ ಆಗ್ಲಿ ಅಂದ್ರಿ, ಆಗ್ಯಾವಲ್ರಿ ಅಕ್ಕಾರ” ಎಂದ.

ನಗಬೇಕಿತ್ತು. ಮುಖ ಅಲುಗಲಿಲ್ಲ.

ನಾಲ್ಕನೆಯದಕ್ಕೆ ಅವನು ಉಳಿ ಹಿಡಿದು ನೋಡಿದ, ಜಗ್ಗಲಿಲ್ಲ. ಇನ್ನು ಗರಗಸವೇ ಗತಿ ಎಂದು ಕೈ ಕೊಡವಿದ. ಮೈದುನ ಗರಗಸ ತರಲು ಎದ್ದೇಬಿಟ್ಟ. ಆಗ ನನಗೆ ಅಡುಗೆಮನೆಯ ಮಾತು ನೆನಪಾಯಿತು.

“ಒಂದ್ರಾಗೊಂದು ಚರಿಗಿ ಸಿಕ್ಕೊಂಡ್ರ ನಾವು ಹೊರಗಿಂದಕ್ಕ ಬಿಸಿನೀರು ಹಾಕ್ತೇವಿ. ಹೊರಗಿಂದು ಹಿಗ್ಗತೈತಿ, ಒಳಗಿಂದು ಬರ್ತೈತಿ. ಇದಕ್ಕ ನಡೀತೈತೇನ್ರಿ?”

“ನಡೀತೈತಿ, ಆದ್ರ ಬಿಸಿನೀರಿಗೆ ಇದು ಬಗ್ಗೂದಿಲ್ಲ. ಕೆಂಪಗ ಕಾದ ಕಬ್ಬಿಣ ಬೇಕು.”

ಹಾರೆಯ ತುದಿಯನ್ನು ಒಲೆಗೆ ಇಟ್ಟೆ. ಅವನು ಬೋಲ್ಟಿನ ಮೇಲಿನ ಚಿಮಣಿ ಎಣ್ಣೆಯನ್ನೆಲ್ಲ ಒರೆಸಿದ. ಗಾಡಿಯ ಪೆಟ್ರೋಲು ಟಾಕಿ ಮೂರು ವರ್ಷದಿಂದ ಒಣಗಿತ್ತು, ಬೆಂಕಿಯ ಭಯವಿರಲಿಲ್ಲ. ಹಾರೆಯ ತುದಿ ಕೆಂಪಗಾದ ಮೇಲೆ ಹಸಿ ಅರಿವೆ ಸುತ್ತಿ ಹಿಡಿದು ತಂದು ನಟ್ಟಿಗೆ ಒತ್ತಿದೆ. ಕಪ್ಪಾದರೆ ಮತ್ತೆ ಒಲೆಗೆ. ಮೂರು ಸಲ ಹೋದೆ, ಮೂರು ಸಲ ಬಂದೆ. ಅಂಗೈಯಲ್ಲಿ ಬೊಕ್ಕೆ ಎದ್ದದ್ದು ನನಗೆ ಗೊತ್ತಾದದ್ದು ಸಂಜೆ ಹಿಟ್ಟು ನಾದುವಾಗ.

ನಾಲ್ಕನೆಯ ಸಲ ಮಿಸ್ತ್ರಿ ನಟ್ಟಿನ ಮೈಗೆ ಉಳಿಯಿಂದ ಒಂದು ಕಚ್ಚು ಮಾಡಿ, ಉಳಿಯನ್ನು ಅದರಲ್ಲಿ ಓರೆಯಾಗಿ ಊರಿ ಹೊಡೆದ. ಕಿರ್ ಎಂದಿತು. ಇನ್ನೊಂದು ಏಟಿಗೆ ಎಳ್ಳಿನಷ್ಟು ತಿರುಗಿತು. ಆಮೇಲೆ ತಡವಾಗಲಿಲ್ಲ. ನಟ್ಟು ಬಿಚ್ಚಿ, ಬೋಲ್ಟನ್ನು ಅರ್ಧ ಹೊರಗೆ ತಟ್ಟಿ ಬಿಟ್ಟು ಅವನು ಹಿಂದೆ ಸರಿದ.

“ಇದನ್ನ ನೀವ ತಗೀರಿ” ಎಂದು, ಕೈ ತೊಳೆಯಲು ಅಲ್ಲೇ ಇದ್ದ ಬಾವಿಯ ಕಡೆ ನಡೆದ.

ಎಳೆದೆ. ಬಂತು. ತೊಟ್ಟಿಲು ಉಳಿಯಿತು. ಸಂತೋಷ ಆಗುತ್ತದೇನೋ ಎಂದು ಕಾದು ನೋಡಿದೆ, ಏನೂ ಆಗಲಿಲ್ಲ. ಬಿಸಿ ಬೋಲ್ಟನ್ನು ಸೆರಗಿನಲ್ಲಿ ಹಿಡಿದುಕೊಂಡು ನಿಂತಿದ್ದೆ. ಮೈದುನನಿಗೆ ತಡೆಯುವುದು ಗೊತ್ತಿದ್ದರೆ ತಾನೆ? ಹ್ಯಾಂಡಲು ಹಿಡಿದು ಫಟಫಟಿಯನ್ನು ಒಂದೇ ಸಲಕ್ಕೆ ಪಕ್ಕಕ್ಕೆ ಎಳೆದುಬಿಟ್ಟ.

ತೊಟ್ಟಿಲಿಗೆ ಇದ್ದದ್ದು ಒಂದೇ ಗಾಲಿ. ಅಷ್ಟು ವರ್ಷ ಅದರಲ್ಲಿ ಕುಳಿತವಳು, ಮೂರು ವರ್ಷ ಅದನ್ನು ಪೂಜಿಸಿದವಳು ನಾನು, ಆದರೂ ಅದು ತಾನಾಗಿ ನಿಲ್ಲುವಂಥದ್ದಲ್ಲ ಎಂಬುದು ನನಗೆ ಒಂದು ದಿನವೂ ಹೊಳೆದಿರಲಿಲ್ಲ. ಫಟಫಟಿ ಇದ್ದ ಕಡೆಗೇ ಅದು ವಾಲಿತು. ನಾನು ನೆಲಕ್ಕೆ ಕುಳಿತು ಹೆಗಲು ಕೊಟ್ಟೆ. ಬೋಲ್ಟು ಎಲ್ಲಿ ಬಿತ್ತೋ ತಿಳಿಯಲಿಲ್ಲ.

“ವೈನೀ, ಬಿಡ್ರಿ! ಬಿದ್ರ ಬೀಳ್ಳಿ, ತಗಡದು” ಎಂದು ಮೈದುನ ಕೂಗಿದ.

ನನ್ನ ಗಂಟಲಿನಿಂದ ಒಂದು ಸಪ್ಪಳ ಬಂತು. ಜೋಮು ಹಿಡಿದ ಕಾಲು ಬಿಡುವಾಗ ಎಷ್ಟು ನೋಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಹೆಗಲ ಮೇಲೆ ಆ ಭಾರ ಹೊತ್ತು, ಮೈದುನನ ಮುಂದೆ, ಮಿಸ್ತ್ರಿಯ ಮುಂದೆ, ಸೆರಗು ಜಾರಿದ್ದರೂ ಲಕ್ಷ್ಯವಿಲ್ಲದೆ ಅತ್ತೆ.

ಅಷ್ಟರಲ್ಲಿ ಮಾವ ಊಟಕ್ಕೆ ಬಂದರು. ಬಾಗಿಲಲ್ಲಿ ನಿಂತು ನೋಡಿದರು. ಅರಿವೆ ಒಗೆಯುವ ಕಲ್ಲನ್ನು ತಾವೇ ಎರಡೂ ಕೈಯಿಂದ ಎತ್ತಿ ತಂದು, ನನ್ನ ಪಕ್ಕದಲ್ಲಿ ಮೊಣಕಾಲೂರಿ ತೊಟ್ಟಿಲಿನ ಅಡಿಗೆ ಸರಿಸಿದರು. ಎರಡು ಸಲ ಅಲುಗಿಸಿ ನೋಡಿದರು.

“ನಿಂತೈತಿ, ಬಿಡವಾ” ಎಂದರು.

ನಿಂತಿತ್ತು, ಖರೆ. ಆದರೆ ಹೆಗಲು ತೆಗೆಯಲಿಕ್ಕೆ ನನ್ನಿಂದ ಆಗಲಿಲ್ಲ. ಮಾವ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು, ತಾವೂ ಒಂದು ಕೈಯಿಂದ ಆ ತಗಡನ್ನು ಹಿಡಿದು ನನ್ನ ಪಕ್ಕದಲ್ಲಿ ಕುಳಿತರು.