ಅರ್ಧ ಮಿಲಿಮೀಟರಿನ ಕಾವಲು

“ಇವತ್ತ ಯಾರ ತಲಿ ಅಳ್ಳಾಡತೈತೋ ಏನೋ?”

ಬೆಳಗಿನ ಆರು ಗಂಟೆ. ಕೆಂಗೇರಿಯ ಸಂಶೋಧನಾ ಕೇಂದ್ರವೊಂದರ ಎಂಆರ್‌ಐ ಕೋಣೆಯಲ್ಲಿ ಕೇಳಿಸಿಕೊಳ್ಳಲು ಯಾರೂ ಇಲ್ಲ. ತಂತ್ರಜ್ಞೆ ನೀಲಾಂಬಿಕಾ ಬಳೆ, ಓಲೆ ಕಳಚಿ ಡಬ್ಬಿಗೆ ಹಾಕಿ, ತಲೆ ಇಡುವ ಜಾಗಕ್ಕೆ ಒಗೆದ ಬಟ್ಟೆ ಹಾಸುತ್ತಿದ್ದಾರೆ. ಅತ್ತಿಗುಪ್ಪೆಯಿಂದ ಮೊದಲ ಮೆಟ್ರೊದಲ್ಲೇ ಬಂದಿದ್ದಾರೆ.

ದಿನಕ್ಕೆ ಮೂವರು, ಒಬ್ಬೊಬ್ಬರಿಗೆ ಮುಕ್ಕಾಲು ಗಂಟೆ. ಒಳಗೆ ಮಲಗಿದವರ ಕಣ್ಣೆದುರು ಅಂಕಿಗಳು ಒಂದೊಂದಾಗಿ ಮೂಡುತ್ತವೆ; ನೆನಪಿಟ್ಟುಕೊಂಡು ಗುಂಡಿ ಒತ್ತಬೇಕು. ಆ ಹೊತ್ತಿನಲ್ಲಿ ಮಿದುಳಿನ ಯಾವ ಭಾಗದ ಚಟುವಟಿಕೆ ಯಾವುದರ ಜೊತೆ ಒಟ್ಟಿಗೆ ಏರಿಳಿಯುತ್ತದೆ, ಚೆನ್ನಾಗಿ ಉತ್ತರಿಸುವವರಲ್ಲಿ ಆ ನಂಟು ಬೇರೆಯೇ ಎಂಬುದು ಸಂಶೋಧಕರ ಪ್ರಶ್ನೆ. ತಲೆ ಅರ್ಧ ಮಿಲಿಮೀಟರ್ ಸರಿದರೂ ಇಲ್ಲದ ನಂಟು ಚಿತ್ರದಲ್ಲಿ ಹುಟ್ಟಬಹುದು. ಅದನ್ನು ಹಿಡಿದು, ಪ್ರತಿ ಸ್ಕ್ಯಾನಿಗೂ ‘ಸರಿ’ ಇಲ್ಲವೇ ‘ಬೇಡ’ ಎಂದು ಬರೆದು ಸಹಿ ಹಾಕುವುದು ಇವರ ಕೆಲಸ.

ಊರು ಗದಗದ ಕಡೆ. ವಿಜಯನಗರದ ಡಯಾಗ್ನೊಸ್ಟಿಕ್ ಸೆಂಟರಿನಲ್ಲಿ ಆರು ವರ್ಷ ಮೊಣಕಾಲು, ಬೆನ್ನುಮೂಳೆ ನೋಡಿದವರು. “ಮೊಣಕಾಲ ಸುಳ್ಳ ಹೇಳಂಗಿಲ್ರೀ. ತಲಿ ಹೇಳತೈತಿ.” ಇಲ್ಲಿ ನಾಲ್ಕು ವರ್ಷದಲ್ಲಿ ಎರಡು ಸಾವಿರಕ್ಕೂ ಹೆಚ್ಚು ತಲೆಗಳನ್ನು ಕಾದಿದ್ದಾರೆ. ಪ್ರಕಟವಾದ ಯಾವ ಪ್ರಬಂಧದಲ್ಲೂ ಅವರ ಹೆಸರಿಲ್ಲ. ಕೆಲಸ ವರ್ಷದ ಗುತ್ತಿಗೆಯದು. ಈ ತಿಂಗಳು ಮುಗಿಯುತ್ತದೆ. ಮುಂದುವರಿಯಲು ಅಧ್ಯಯನದ ಮುಖ್ಯಸ್ಥ ಧ್ರುವ ಪತ್ರ ಕೊಡಬೇಕು.

ಮಂಗಳವಾರ ಮಹಾಲಕ್ಷ್ಮಿ ಲೇಔಟಿನ ಲಿಂಗಮ್ಮ ಬಂದಿದ್ದರು. ಅರವತ್ತಕ್ಕೆ ಐವತ್ತೆಂಟು ಉತ್ತರ ಸರಿ, ಅಧ್ಯಯನದಲ್ಲೇ ಹೆಚ್ಚು. ಮಿದುಳಿನ ನಂಟೂ ಎಲ್ಲರಿಗಿಂತ ಬಲವಾಗಿ ಕಂಡಿತು. ಆದರೆ ಅಂಕಿ ಮೂಡಿದಾಗಲೆಲ್ಲ ಪರದೆಯಲ್ಲಿ ತಲೆಯ ಚಲನೆ ತೋರಿಸುವ ಗೆರೆಯೂ ಏಳುತ್ತಿತ್ತು. ಹೊರಬಂದವರನ್ನು ನೀಲಾಂಬಿಕಾ ಕೇಳಿದರು, ಹೇಗೆ ನೆನಪಿಟ್ಟಿರಿ ಎಂದು.

“ಭಜನೆ ಥರ ಕಣಮ್ಮ. ಮೂರು, ಏಳು, ಒಂದು, ಒಂಬತ್ತು... ತಾಳ ಹಾಕ್ಕೊಂಡ್ರೆ ಮರೆಯಲ್ಲ.”

“ತಾಳ ಎದರಾಗ ಹಾಕಿದ್ರಿ?”

“ಬಾಯಿ ಮುಚ್ಚು ಅಂದ್ರಿ, ಕೈ ಆಡಿಸ್ಬೇಡ ಅಂದ್ರಿ. ಇನ್ನೇನು ಉಳೀತು? ತಲೆ!”

“ತಲಿ ಅಳ್ಳಾಡಸಬ್ಯಾಡ್ರಿ ಅಂದಿದ್ನಲ್ಲರೀ?”

“ಅಲ್ಲಾಡ್ಸಿಲ್ಲಮ್ಮ, ತೂಗ್ದೆ ಅಷ್ಟೆ.”

ನೀಲಾಂಬಿಕಾ ‘ಬೇಡ’ ಎಂದು ಗುರುತು ಹಾಕಿದರು. ನಲವತ್ತು ಜನರಲ್ಲಿ ಲಿಂಗಮ್ಮನನ್ನು ಕೈಬಿಟ್ಟರೆ, ಅಂಕಕ್ಕೂ ಮಿದುಳಿನ ನಂಟಿಗೂ ಕಂಡಿದ್ದ ಸಂಬಂಧ ಸಡಿಲವಾಗುತ್ತದೆ. ಇವತ್ತು ಶುಕ್ರವಾರ. ಎರಡನೆಯವರ ಸ್ಕ್ಯಾನ್ ಮುಗಿಯುವ ಹೊತ್ತಿಗೆ ಧ್ರುವ ಲಿಂಗಮ್ಮನ ಸ್ಕ್ಯಾನಿಗೆ ಸಹಿ ಹಾಕುವ ಹೊಸ ಹಾಳೆ ಹಿಡಿದು ಬರುತ್ತಾರೆ.

“ಮೇಡಂ, ಒಂದೇ ಒಂದು ಸ್ಕ್ಯಾನ್. ‘ಸರಿ’ ಅಂತ ಹಾಕ್ಬಿಡಿ. ಸಾಫ್ಟ್‌ವೇರಲ್ಲಿ ಕ್ಲೀನ್ ಮಾಡ್ಕೋತೀನಿ.”

“ಅಂಕಿ ಬಂದಾಗೊಮ್ಮೆ ತಲಿ ತೂಗ್ಯಾರ್ರೀ. ತೂಗಿದ್ದು ತಗದ್ರ ನೆನಪಿನ ಗುರುತೂ ಅದರ ಜೋಡಿ ಹೋಗತೈತಿ. ಮತ್ತೊಮ್ಮೆ ಕರಸೂಣು.”

“ಸೋಮವಾರ ರಿಪೋರ್ಟು, ಎಲ್ಲಿದೆ ಟೈಮು? ನಿಮ್ಮ ರಿನ್ಯೂವಲ್ ಲೆಟರೂ ನನ್ನ ಟೇಬಲ್ ಮೇಲೇ ಇದೆ. ಯೋಚನೆ ಮಾಡಿ.”

ಪೆನ್ನಿನ ಮುಚ್ಚಳ ತೆಗೆದು ಚಾಚುತ್ತಾರೆ. ನೀಲಾಂಬಿಕಾ ಹಾಳೆಯನ್ನು ಮೊದಲಿಂದ ಕೊನೆಯವರೆಗೆ ಓದುತ್ತಾರೆ. ಮಡಚದೆ ಹಾಗೆಯೇ ಹಿಂದಿರುಗಿಸುತ್ತಾರೆ.

“ನಾ ಸಹಿ ಹಾಕಂಗಿಲ್ರೀ ಸರ್.”